ನಾಡಿಯ ಸಾಕ್ಷ್ಯ: ಭಾವನೆ, ಮದ್ಯ ಮತ್ತು ಹೃದಯದ ಏರಿಳಿತದ ಚರಿತ್ರೆ

ಎದೆ ಧಸಕ್ಕೆಂದಿತು, ಎದೆ ಝಲ್ಲೆಂದಿತು, ಎದೆ ಡವಡವ ಹೊಡೆದುಕೊಂಡಿತು, ಎದೆ ಹಗುರಾಯಿತು. ಕನ್ನಡಿಗನಿಗೆ ತನ್ನ ಭಯ, ದುಃಖ, ಸಮಾಧಾನಗಳನ್ನು ಹೇಳಿಕೊಳ್ಳಲು ಎದೆಯ ಹೊರತು ಬೇರೆ ಜಾಗವೇ ಇಲ್ಲ. ಉರ್ದು ಆಡುವವರಿಗೆ 'ದಿಲ್', ಅರಬಿ ಓದುವವರಿಗೆ 'ಕಲ್ಬ್'. ಯೋಚಿಸುವುದೂ ನೋಯುವುದೂ ಮಿದುಳಿನಲ್ಲಿ ಎಂದು ಶಾಲೆಯಲ್ಲಿ ಕಲಿತವರೂ ಮಾತಾಡುವಾಗ ಎದೆಯನ್ನೇ ಮುಟ್ಟಿಕೊಳ್ಳುತ್ತಾರೆ. ಇದು ಬರಿಯ ಕವಿಸಮಯವಲ್ಲ. ಮನಸ್ಸಿನ ಪ್ರತಿ ಅಲುಗಾಟವೂ ಹೃದಯದ ಬಡಿತದಲ್ಲಿ ಗುರುತು ಬಿಡುತ್ತದೆ ಎಂಬುದನ್ನು ವೈದ್ಯರು ಸುಮಾರು ಎರಡು ಸಾವಿರ ವರ್ಷಗಳಿಂದ ಬಲ್ಲರು. ಆ ಅರಿವು ಬೆಳೆದು ಬಂದ ದಾರಿ ಕುತೂಹಲಕರವಾಗಿದೆ. ಆ ದಾರಿಯ ಕೊನೆಯಲ್ಲಿ ನಮ್ಮ ಕಾಲದ ಒಂದು ಪ್ರಶ್ನೆಯೂ ನಿಂತಿದೆ: ನೋವು ಮರೆಯಲು ಕುಡಿಯುವವನ ಎದೆಯೊಳಗೆ ನಿಜಕ್ಕೂ ಏನಾಗುತ್ತದೆ?

ಹೆಸರು ಕೇಳಿ ನಡುಗಿದ ನಾಡಿ

ಕ್ರಿಸ್ತಶಕ ಎರಡನೆಯ ಶತಮಾನದ ರೋಮ್ ನಗರ. ಜಸ್ಟಸ್ ಎಂಬಾತನ ಹೆಂಡತಿಗೆ ನಿದ್ದೆ ಬಾರದ ಕಾಯಿಲೆ. ವೈದ್ಯ ಗಾಲೆನ್ ಎಷ್ಟು ಕೇಳಿದರೂ ಆಕೆ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ರಂಗಮಂದಿರದಿಂದ ಬಂದ ಒಬ್ಬರು, ಇವತ್ತು ಪೈಲೇಡಿಸ್ ಕುಣಿಯುತ್ತಿದ್ದ ಎಂದರು. ಆಕೆಯ ಮುಖದ ಬಣ್ಣ ಬದಲಾಯಿತು. ಗಾಲೆನ್ ಕೂಡಲೇ ಮಣಿಕಟ್ಟಿನ ಮೇಲೆ ಬೆರಳಿಟ್ಟರು. ನಾಡಿ ಏರುಪೇರಾಗಿತ್ತು. ಅವರು ಅಲ್ಲಿಗೇ ತೀರ್ಮಾನಕ್ಕೆ ಬರಲಿಲ್ಲ. ಮರುದಿನ ಬೇರೊಬ್ಬ ನರ್ತಕನ ಹೆಸರು ಹೇಳಿಸಿದರು, ನಾಡಿ ಅಲುಗಲಿಲ್ಲ. ಅದರ ಮರುದಿನ ಮತ್ತೊಬ್ಬನ ಹೆಸರು, ಆಗಲೂ ಅಲುಗಲಿಲ್ಲ. ಪೈಲೇಡಿಸ್‌ನ ಹೆಸರು ಮತ್ತೆ ಬಂದಾಗ ನಾಡಿ ಮತ್ತೆ ಕದಡಿತು. ಒಂದನ್ನು ಬದಲಿಸಿ ಉಳಿದುದನ್ನು ಹಾಗೆಯೇ ಇಟ್ಟು ನೋಡುವ ಈ ಕ್ರಮವನ್ನು ಇಂದಿನ ಪ್ರಯೋಗಶಾಲೆಯವರೂ ಒಪ್ಪುತ್ತಾರೆ.

ಇದಕ್ಕೂ ಹಿಂದೆ ಗ್ರೀಕ್ ವೈದ್ಯ ಎರಾಸಿಸ್ಟ್ರಾಟಸ್, ರಾಜ ಸೆಲ್ಯೂಕಸ್‌ನ ಮಗ ಆಂಟಿಯೋಕಸ್ ತನ್ನ ಮಲತಾಯಿಯಲ್ಲಿ ಮನಸ್ಸಿಟ್ಟು ಕೊರಗುತ್ತಿದ್ದುದನ್ನು ಎದೆಬಡಿತದ ಏರುಪೇರು, ಬೆವರು, ಬಣ್ಣಗೆಟ್ಟ ಮುಖಗಳಿಂದ ಪತ್ತೆಹಚ್ಚಿದ ಕಥೆಯನ್ನು ಪ್ಲೂಟಾರ್ಕ್ ಬರೆದಿದ್ದಾರೆ. ಕಥೆ ಎಷ್ಟು ನಿಜವೋ, ಆದರೆ ಅದರೊಳಗಿನ ಗಮನಿಕೆ ನಿಜವಾದದ್ದು.

ಗಾಲೆನ್‌ರ ವೈದ್ಯಗ್ರಂಥಗಳು ಒಂಬತ್ತನೆಯ ಶತಮಾನದ ಬಗ್ದಾದಿನಲ್ಲಿ ಹುನೈನ್ ಇಬ್ನು ಇಸ್‌ಹಾಕ್ ಮತ್ತು ಅವರ ಸಂಗಡಿಗರ ಕೈಯಲ್ಲಿ ಸಿರಿಯಾಕ್ ಮತ್ತು ಅರಬಿ ಭಾಷೆಗಳಿಗೆ ಬಂದವು. ಹುನೈನ್ ಕ್ರೈಸ್ತರು, ಅವರಿಗೆ ಆಶ್ರಯ ಕೊಟ್ಟವರು ಮುಸ್ಲಿಂ ಖಲೀಫರು, ಅನುವಾದಗೊಂಡದ್ದು ಗ್ರೀಕರ ವಿದ್ಯೆ. ಆ ವಿದ್ಯೆಗೆ ಹೊಸ ವ್ಯವಸ್ಥೆ ಕೊಟ್ಟವರು ಬುಖಾರದ ಸಮೀಪ ಹುಟ್ಟಿದ ಇಬ್ನು ಸೀನಾ (980-1037).

ಇಬ್ನು ಸೀನಾರ ಬೆರಳು

ಇಬ್ನು ಸೀನಾರ 'ಅಲ್ ಕಾನೂನ್ ಫಿ ತ್ತಿಬ್ಬ್' ಗ್ರಂಥದಲ್ಲಿ 'ನಬ್ಜ್' ಅಂದರೆ ನಾಡಿಯ ಕುರಿತ ಅಧ್ಯಾಯಗಳಿಗೆ ವಿಶೇಷ ಸ್ಥಾನವಿದೆ. ನಾಡಿಯನ್ನು ಹತ್ತು ಬಗೆಯ ಲಕ್ಷಣಗಳಿಂದ ಅಳೆಯಬೇಕೆಂದು ಅವರು ಹೇಳುತ್ತಾರೆ. ಅದರ ಗಾತ್ರ, ವೇಗ, ಬಲ, ಎರಡು ಬಡಿತಗಳ ನಡುವಿನ ಬಿಡುವು, ಬಡಿತಗಳು ಒಂದರಂತೆ ಒಂದು ಇವೆಯೇ ಇಲ್ಲವೇ, ಇಲ್ಲದಿದ್ದರೆ ಆ ವ್ಯತ್ಯಾಸಕ್ಕೊಂದು ಕ್ರಮ ಇದೆಯೇ ಇತ್ಯಾದಿ. ಅಲೆಯಂತಹ ನಾಡಿ, ಇರುವೆ ಹರಿದಂತಹ ನಾಡಿ, ಜಿಂಕೆಯ ನೆಗೆತದಂತಹ ನಾಡಿ, ಗರಗಸದಂತಹ ನಾಡಿ, ಇಲಿಯ ಬಾಲದಂತಹ ನಾಡಿ ಎಂಬ ಹೆಸರುಗಳು ಅಲ್ಲಿ ಸಿಗುತ್ತವೆ. ನಮ್ಮ ಆಯುರ್ವೇದದ ಶಾರ್ಙ್ಗಧರ ಸಂಹಿತೆಯೂ ನಾಡಿಯನ್ನು ಹಾವು, ಕಪ್ಪೆ, ಹಂಸಗಳ ನಡೆಗೆ ಹೋಲಿಸುತ್ತದೆ. ಗಡಿಯಾರ ಇಲ್ಲದ ಕಾಲದಲ್ಲಿ ವೈದ್ಯರ ಬೆರಳಿಗೆ ತಿಳಿದದ್ದನ್ನು ಶಿಷ್ಯರಿಗೆ ದಾಟಿಸಲು ಹೋಲಿಕೆಯೊಂದೇ ದಾರಿಯಾಗಿತ್ತು.

ಇಬ್ನು ಸೀನಾ ಭಾವನೆಗಳಿಗೂ ಒಂದು ಭಾಗ ಮೀಸಲಿಟ್ಟಿದ್ದಾರೆ. ಕೋಪದಲ್ಲಿ ನಾಡಿ ದೊಡ್ಡದಾಗಿ, ವೇಗವಾಗಿ ಏಳುತ್ತದೆ. ದುಃಖದಲ್ಲಿ ಸಣ್ಣದಾಗಿ, ಬಲಗುಂದಿ, ನಿಧಾನವಾಗುತ್ತದೆ. ತಟ್ಟನೆ ಬಂದ ಭಯದಲ್ಲಿ ನಡುಗುತ್ತ, ಕ್ರಮ ತಪ್ಪಿ ಓಡುತ್ತದೆ. ಪ್ರೇಮದ ಕೊರಗನ್ನು ಅವರು ಕಾಯಿಲೆಯೆಂದೇ ಎಣಿಸಿ, ರೋಗಿಯ ನಾಡಿ ಹಿಡಿದು ಒಂದೊಂದೇ ಹೆಸರು ಹೇಳುತ್ತ ಹೋಗಬೇಕು, ನಾಡಿ ಯಾವ ಹೆಸರಿಗೆ ತಡವರಿಸುತ್ತದೆಯೋ ಅಲ್ಲಿ ಕಾರಣ ಇದೆ ಎನ್ನುತ್ತಾರೆ. ಬೇರೆ ಮದ್ದು ಇಲ್ಲದಿದ್ದರೆ ಧರ್ಮ ಮತ್ತು ಕಾನೂನು ಒಪ್ಪುವ ರೀತಿಯಲ್ಲಿ ಇಬ್ಬರನ್ನು ಕೂಡಿಸುವುದೇ ಮದ್ದು ಎಂದೂ ಸೇರಿಸುತ್ತಾರೆ.

ಹನ್ನೆರಡನೆಯ ಶತಮಾನದಲ್ಲಿ ನಿಝಾಮಿ ಅರೂಝಿ ತಮ್ಮ 'ಚಹಾರ್ ಮಕಾಲಾ' ಕೃತಿಯಲ್ಲಿ ಈ ವಿಧಾನವನ್ನು ಒಂದು ಸೊಗಸಾದ ಕಥೆಯಾಗಿಸಿದರು. ಗುರ್ಗಾನ್‌ನ ದೊರೆ ಕಾಬೂಸ್‌ನ ಬಂಧುವೊಬ್ಬನ ಕಾಯಿಲೆಯನ್ನು ಇಬ್ನು ಸೀನಾ ಕೇರಿ, ಬೀದಿ, ಮನೆಗಳ ಹೆಸರು ಹೇಳಿಸಿ ಪತ್ತೆಹಚ್ಚಿದರಂತೆ. ಆದರೆ ಇಬ್ನು ಸೀನಾರ ಆತ್ಮಕಥನದ ಪ್ರಕಾರ ಅವರು ಅಲ್ಲಿಗೆ ತಲುಪುವ ಮೊದಲೇ ಕಾಬೂಸ್ ಸೆರೆಯಾಗಿ ತೀರಿಕೊಂಡಿದ್ದ. ಆದ್ದರಿಂದ ಕಥೆಯನ್ನು ಕಥೆಯಾಗಿಯೇ ಓದಬೇಕು. ಮೌಲಾನಾ ರೂಮಿ ತಮ್ಮ ಮಸ್ನವಿಯ ಮೊದಲ ಕಥೆಯಲ್ಲೇ ಇದೇ ಬಗೆಯ ಒಬ್ಬ ಹಕೀಮರನ್ನು ತಂದರು. ಅಲ್ಲಿ ದಾಸಿಯ ನಾಡಿ ಸಮರ್ಕಂದದ ಹೆಸರಿಗೆ ಮಿಡಿಯುತ್ತದೆ. ವೈದ್ಯದ ಒಂದು ವಿಧಾನ ಹೀಗೆ ಕಾವ್ಯದ ಆಸ್ತಿಯಾಯಿತು.

ಆಹಾರ ಮತ್ತು ಪಾನೀಯಗಳು ನಾಡಿಯನ್ನು ಹೇಗೆ ಬದಲಿಸುತ್ತವೆ ಎಂಬುದೂ 'ಕಾನೂನ್'ನಲ್ಲಿ ಇದೆ. ದ್ರಾಕ್ಷಾಮದ್ಯ ಅತಿಯಾದಾಗ ನಾಡಿ ಏರುಪೇರಾಗುವುದನ್ನು ಇಬ್ನು ಸೀನಾ ಗುರುತಿಸಿದ್ದಾರೆ. ಆದರೆ ಮಿತವಾದ ಮದ್ಯ ಶಕ್ತಿ ಕೊಡುತ್ತದೆ ಎಂಬ ನಂಬಿಕೆ ಗ್ರೀಕ್ ವೈದ್ಯದಿಂದ ಬಂದು ಅವರ ಕಾಲದಲ್ಲೂ ಉಳಿದಿತ್ತು. ರಾತ್ರಿ ಓದುವಾಗ ದಣಿವಾದರೆ ಒಂದು ಬಟ್ಟಲು ಕುಡಿಯುತ್ತಿದ್ದುದಾಗಿ ಅವರೇ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾರೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಬೆರಳಿಗೆ ಸಿಕ್ಕ ಏರುಪೇರನ್ನು ಅವರು ಬರೆದಿಟ್ಟರು. ಬೆರಳಿಗೆ ಸಿಗದ್ದನ್ನು ಅಳೆಯುವ ಸಾಧನ ಆಗ ಇರಲಿಲ್ಲ.

'ಆಲ್ಕೋಹಾಲ್' ಎಂಬ ಪದದ ಪ್ರಯಾಣವೂ ಇಲ್ಲಿ ನೆನಪಿಡತಕ್ಕದ್ದು. ಅದರ ಮೂಲ ಅರಬಿಯ 'ಅಲ್ ಕುಹ್ಲ್', ಅಂದರೆ ಕಣ್ಣಿಗೆ ಹಚ್ಚುವ ಸುರ್ಮಾ. ನುಣ್ಣಗೆ ಅರೆದ ಪುಡಿಗೆ ಇದ್ದ ಹೆಸರು ಯುರೋಪಿನ ರಸವಾದಿಗಳ ಬಾಯಲ್ಲಿ ಯಾವುದೇ ವಸ್ತುವಿನ ಶುದ್ಧ ಸಾರಕ್ಕೆ ಸಂದಿತು. ಹದಿನಾರನೆಯ ಶತಮಾನದಲ್ಲಿ ಪ್ಯಾರಾಸೆಲ್ಸಸ್ ಅದನ್ನು ದ್ರಾಕ್ಷಾಮದ್ಯದ ಸಾರಕ್ಕೆ ಬಳಸಿದರು. ಕಣ್ಣಿಗೆ ಹೊಳಪು ಕೊಡುವ ವಸ್ತುವಿನ ಹೆಸರು ಕಣ್ಣು ಮಂಜಾಗಿಸುವ ವಸ್ತುವಿಗೆ ಅಂಟಿಕೊಂಡದ್ದು ಹೀಗೆ.

ಗಡಿಯಾರ ಬಂತು, ಏರಿಳಿತ ಮರೆಯಾಯಿತು

1707ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಫ್ಲಾಯರ್ ಸರಿಯಾಗಿ ಒಂದು ನಿಮಿಷ ಓಡುವ ಗಡಿಯಾರ ಮಾಡಿಸಿ ನಾಡಿಯನ್ನು ಎಣಿಸುವ ಪದ್ಧತಿ ತಂದರು. ಇದು ದೊಡ್ಡ ಹೆಜ್ಜೆ. ನಾಡಿ ಈಗ ಎಲ್ಲರೂ ಒಪ್ಪುವ ಒಂದು ಸಂಖ್ಯೆಯಾಯಿತು. ಆದರೆ ಒಂದು ನಷ್ಟವೂ ಆಯಿತು. ನಿಮಿಷಕ್ಕೆ 72 ಎಂದು ಬರೆದ ಮೇಲೆ ಆ 72 ಬಡಿತಗಳ ನಡುವಿನ ಅಂತರಗಳು ಒಂದೇ ಸಮ ಇದ್ದವೇ, ಹಿಗ್ಗಿ ಕುಗ್ಗುತ್ತಿದ್ದವೇ ಎಂದು ಕೇಳುವ ಅಭ್ಯಾಸ ಹಿಂದೆ ಸರಿಯಿತು.

ಅದು ಪೂರ್ತಿ ಮರೆತುಹೋಗಲಿಲ್ಲ. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಕುದುರೆಯ ರಕ್ತನಾಳಕ್ಕೆ ಗಾಜಿನ ಕೊಳವೆ ಜೋಡಿಸಿ ರಕ್ತದ ಒತ್ತಡ ಅಳೆದವರು. ಉಸಿರಾಟದೊಂದಿಗೆ ಆ ಒತ್ತಡ ಏರಿಳಿಯುವುದನ್ನು ಅವರು 1733ರಲ್ಲಿ ಪ್ರಕಟಿಸಿದರು. 1847ರಲ್ಲಿ ಜರ್ಮನಿಯ ಕಾರ್ಲ್ ಲುಡ್ವಿಗ್, ತಿರುಗುವ ಉರುಳೆಯ ಮೇಲೆ ನಾಡಿಯ ಗೆರೆಯನ್ನು ತಾನಾಗಿ ಬರೆಯುವ ಯಂತ್ರ ಮಾಡಿದರು. ಉಸಿರು ಒಳಗೆ ಎಳೆದಾಗ ಬಡಿತ ಚುರುಕಾಗುತ್ತದೆ, ಹೊರಗೆ ಬಿಟ್ಟಾಗ ನಿಧಾನವಾಗುತ್ತದೆ ಎಂಬುದು ಆ ಗೆರೆಯಲ್ಲಿ ಕಂಡಿತು. ಆರೋಗ್ಯವಂತರ ಹೃದಯ ಗೋಡೆ ಗಡಿಯಾರದಂತೆ ಟಿಕ್ ಟಿಕ್ ಎನ್ನುವುದಿಲ್ಲ. ಅದು ಉಸಿರಿನೊಂದಿಗೆ ತೂಗುತ್ತದೆ.

ಹೀಗೇಕೆ? 1845ರಲ್ಲಿ ವೆಬರ್ ಸೋದರರು, ಮಿದುಳಿನ ಬುಡದಿಂದ ಕತ್ತಿನ ಮೂಲಕ ಎದೆಗೆ ಇಳಿಯುವ ವೇಗಸ್ ನರವನ್ನು ವಿದ್ಯುತ್ತಿನಿಂದ ಕೆರಳಿಸಿದರೆ ಹೃದಯ ನಿಧಾನವಾಗುತ್ತದೆ ಎಂದು ತೋರಿಸಿದ್ದರು. 1921ರಲ್ಲಿ ಆಸ್ಟ್ರಿಯಾದ ಗ್ರಾಟ್ಜ್ ನಗರದಲ್ಲಿ ಒಟ್ಟೊ ಲೋವಿ, ಒಂದು ಕಪ್ಪೆಯ ಹೃದಯದ ವೇಗಸ್ ನರ ಕೆರಳಿಸಿ ಅದು ನೆನೆದಿದ್ದ ದ್ರವವನ್ನು ಇನ್ನೊಂದು ಕಪ್ಪೆಯ ಹೃದಯಕ್ಕೆ ಹಾಕಿದರು. ಅದೂ ನಿಧಾನವಾಯಿತು. ನರ ತನ್ನ ಮಾತನ್ನು ಒಂದು ರಾಸಾಯನಿಕದ ಮೂಲಕ ಹೇಳುತ್ತದೆ ಎಂದು ಹೀಗೆ ಸಾಬೀತಾಯಿತು. 1936ರಲ್ಲಿ ನೊಬೆಲ್ ಪಡೆದ ಲೋವಿ ಯಹೂದಿಯಾದ್ದರಿಂದ 1938ರಲ್ಲಿ ನಾಝಿಗಳ ಸೆರೆಮನೆ ಕಂಡರು. ಬಹುಮಾನದ ಹಣವನ್ನು ಅವರಿಗೇ ಒಪ್ಪಿಸಿ ದೇಶ ಬಿಡಬೇಕಾಯಿತು.

ಇಂದಿನ ತಿಳುವಳಿಕೆ ಇಷ್ಟು. ಹೃದಯವನ್ನು ಅದರ ಪಾಡಿಗೆ ಬಿಟ್ಟರೆ ಅದು ನಿಮಿಷಕ್ಕೆ ಸುಮಾರು 100 ಸಲ ಬಡಿಯುತ್ತದೆ. ವೇಗಸ್ ನರ ಎತ್ತಿನ ಮೂಗುದಾರದಂತೆ ಅದನ್ನು ಹಿಡಿದು 60-70ಕ್ಕೆ ಇಳಿಸುತ್ತದೆ. ಆ ದಾರ ಕ್ಷಣಕ್ಕೊಮ್ಮೆ ಬಿಗಿಯಾಗುತ್ತದೆ, ಸಡಿಲವಾಗುತ್ತದೆ. ಇದರ ಎದುರು ಬದಿಗೆ ಸಿಂಪಥೆಟಿಕ್ ನರಗಳಿವೆ. ಓಡು ಅಥವಾ ಹೋರಾಡು ಎಂಬ ತುರ್ತು ಬಂದಾಗ ಬಡಿತವನ್ನು ಏರಿಸುವುದು ಅವುಗಳ ಕೆಲಸ. ಇವೆರಡರ ಎಳೆದಾಟದಿಂದ ಒಂದು ಬಡಿತಕ್ಕೂ ಇನ್ನೊಂದಕ್ಕೂ ನಡುವಿನ ಅಂತರ ಸದಾ ಬದಲಾಗುತ್ತಿರುತ್ತದೆ. ಈ ಬದಲಾವಣೆಯನ್ನೇ ಹೃದಯ ಬಡಿತದ ಏರಿಳಿತ, ಚಿಕ್ಕದಾಗಿ ಎಚ್‌ಆರ್‌ವಿ ಎನ್ನುತ್ತಾರೆ. ಇದನ್ನು ಸೆಕೆಂಡಿನ ಸಾವಿರದ ಒಂದು ಭಾಗವಾದ ಮಿಲಿಸೆಕೆಂಡ್ ಲೆಕ್ಕದಲ್ಲಿ ಅಳೆಯುತ್ತಾರೆ.

ನೆದರ್ಲೆಂಡ್ಸ್‌ನ ಐಂಟೋವನ್ 1901ರ ನಂತರ ರೂಪಿಸಿದ ಇಸಿಜಿ ಯಂತ್ರ ಮತ್ತು ಅಮೆರಿಕದ ಹೋಲ್ಟರ್ 1961ರಲ್ಲಿ ಪರಿಚಯಿಸಿದ, ದಿನವಿಡೀ ಮೈಮೇಲೆ ಕಟ್ಟಿಕೊಂಡು ತಿರುಗುವ ಇಸಿಜಿ ಇಲ್ಲದಿದ್ದರೆ ಈ ಲೆಕ್ಕ ಸಾಧ್ಯವಾಗುತ್ತಿರಲಿಲ್ಲ. 1987ರಲ್ಲಿ ಕ್ಲೈಗರ್ ಮತ್ತು ಸಂಗಡಿಗರು ಹೃದಯಾಘಾತದಿಂದ ಬದುಕುಳಿದ 808 ಮಂದಿಯ ದಾಖಲೆ ನೋಡಿದರು. ಏರಿಳಿತ 50 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದವರಲ್ಲಿ ಸಾವಿನ ಅಪಾಯ, 100ಕ್ಕಿಂತ ಹೆಚ್ಚು ಇದ್ದವರಿಗಿಂತ 5.3 ಪಟ್ಟು ಹೆಚ್ಚಾಗಿತ್ತು. ಬಗ್ಗುವ ಗುಣ ಕಳೆದುಕೊಂಡ ಹೃದಯ ಅಪಾಯದಲ್ಲಿದೆ ಎಂಬುದು ಅಂಕಿ ಅಂಶಗಳಲ್ಲಿ ಸ್ಪಷ್ಟವಾಯಿತು. 1996ರಲ್ಲಿ ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ತಜ್ಞರು ಸೇರಿ ಈ ಅಳತೆಗೆ ಮಾನದಂಡ ನಿಗದಿಪಡಿಸಿದರು.

ಇಲ್ಲೊಂದು ಗೊಂದಲ ಬರಬಾರದು. ಎಲ್ಲ ಏರುಪೇರೂ ಒಳ್ಳೆಯದಲ್ಲ. ಉಸಿರಿನೊಂದಿಗೆ ಲಯವಾಗಿ ತೂಗುವುದು ಆರೋಗ್ಯ. ಲಯವೇ ಇಲ್ಲದೆ ಚೆಲ್ಲಾಪಿಲ್ಲಿಯಾಗಿ ಬಡಿಯುವುದು ರೋಗ. ಹೃತ್ಕರ್ಣಗಳು ಕ್ರಮಗೆಟ್ಟು ಕಂಪಿಸುವ 'ಏಟ್ರಿಯಲ್ ಫಿಬ್ರಿಲೇಶನ್' ಇಂಥದ್ದು. ಕ್ರಮವಿರುವ ವ್ಯತ್ಯಾಸ, ಕ್ರಮವಿಲ್ಲದ ವ್ಯತ್ಯಾಸ ಎಂದು ಇಬ್ನು ಸೀನಾ ನಾಡಿಯನ್ನು ವಿಂಗಡಿಸಿದ್ದರು ಎಂಬುದು ಗಮನಾರ್ಹ. ಇಂದಿನ ವೈದ್ಯ ವಿದ್ಯಾರ್ಥಿಗಳೂ ಮಣಿಕಟ್ಟು ಹಿಡಿದು ಇದೇ ವಿಂಗಡಣೆಯನ್ನು ಕಲಿಯುತ್ತಾರೆ.

ಬಟ್ಟಲು ಹೇಳುವ ಸುಳ್ಳು

ಈಗ ಮದ್ಯದ ಮಾತಿಗೆ ಬರೋಣ. ಕುಡಿದರೆ ಮನಸ್ಸು ಹಗುರಾಗುತ್ತದೆ, ಎದೆ ತಣ್ಣಗಾಗುತ್ತದೆ ಎಂಬುದು ಹಳೆಯ ನಂಬಿಕೆ. ಮಿದುಳಿನ ಮಟ್ಟಿಗೆ ಅದರಲ್ಲಿ ಸ್ವಲ್ಪ ಸತ್ಯವಿದೆ. ಆತಂಕದ ಅರಿವು ಕೆಲಹೊತ್ತು ಮಂಕಾಗುತ್ತದೆ. ಆದರೆ ಹೃದಯ ಬೇರೆಯೇ ಸಾಕ್ಷ್ಯ ನುಡಿಯುತ್ತದೆ.

1978ರಲ್ಲಿ ಅಮೆರಿಕದ ವೈದ್ಯ ಫಿಲಿಪ್ ಎಟಿಂಗರ್ ಮತ್ತು ಸಂಗಡಿಗರು 24 ಮಂದಿ ಕುಡುಕರಲ್ಲಿ 32 ಸಲ ಹೃದಯದ ಲಯ ತಪ್ಪಿದ್ದನ್ನು ವರದಿ ಮಾಡಿದರು. ಹೆಚ್ಚಿನವರು ಆಸ್ಪತ್ರೆಗೆ ಬಂದದ್ದು ವಾರದ ಕೊನೆಯಲ್ಲಿ ಅಥವಾ ಹಬ್ಬದ ರಜೆಯ ಆಸುಪಾಸಿನಲ್ಲಿ. ಅದಕ್ಕೆ ಅವರು 'ಹಾಲಿಡೇ ಹಾರ್ಟ್' ಎಂಬ ಹೆಸರಿಟ್ಟರು. 1980ರ ಹೊತ್ತಿಗೆ, ಬಹುಕಾಲ ಕುಡಿದವರಲ್ಲಿ ವೇಗಸ್ ನರವೇ ಹಾನಿಗೊಂಡಿರುತ್ತದೆ ಎಂಬ ವರದಿಗಳು ಬಂದವು. ಮೂಗುದಾರವೇ ಸವೆದುಹೋಗಿತ್ತು.

ಸ್ವಲ್ಪವೇ ಕುಡಿಯುವವರ ಕಥೆಯೇನು? 2010ರಲ್ಲಿ ಟೊರೊಂಟೊದ ಸಂಶೋಧಕರು 12 ಮಂದಿ ಆರೋಗ್ಯವಂತರಿಗೆ ಬೇರೆ ಬೇರೆ ದಿನ ಕೆಂಪು ವೈನ್, ಮದ್ಯಸಾರ ಮತ್ತು ನೀರು ಕೊಟ್ಟು ನೋಡಿದರು. ಒಂದು ಪೆಗ್ಗಿನಷ್ಟರಲ್ಲಿ ಹೇಳಿಕೊಳ್ಳುವ ಬದಲಾವಣೆ ಕಾಣಲಿಲ್ಲ. ಎರಡನೆಯದಕ್ಕೆ ಬಡಿತ ಏರಿತು, ಏರಿಳಿತ ಕುಗ್ಗಿತು, ವೇಗಸ್ ನರದ ಹಿಡಿತ ಸಡಿಲಿತು. ಕೆಂಪು ವೈನ್ ಹೃದಯಕ್ಕೆ ಹಿತ ಎಂಬ ಪ್ರಚಾರಕ್ಕೆ ಈ ಪರೀಕ್ಷೆ ಬೆಂಬಲ ಕೊಡಲಿಲ್ಲ. ವೈನೂ ಬರಿಯ ಮದ್ಯಸಾರವೂ ಇಲ್ಲಿ ಒಂದೇ ಬಗೆಯಾಗಿ ನಡೆದುಕೊಂಡವು.

2015ರಲ್ಲಿ ಜರ್ಮನಿಯ ಮ್ಯೂನಿಕ್ ನಗರದ ಪ್ರಸಿದ್ಧ ಬಿಯರ್ ಉತ್ಸವಕ್ಕೇ ವೈದ್ಯರು ಇಸಿಜಿ ಹಿಡಿದು ಹೋದರು. 3,028 ಮಂದಿ ತಾವಾಗಿಯೇ ಪರೀಕ್ಷೆಗೆ ಒಪ್ಪಿದರು. ಫಲಿತಾಂಶ 2017ರಲ್ಲಿ ಪ್ರಕಟವಾಯಿತು. 30.5 ಶೇಕಡಾ ಮಂದಿಯಲ್ಲಿ ಲಯದ ದೋಷ ಕಂಡಿತ್ತು. 25.9 ಶೇಕಡಾ ಮಂದಿ ಸುಮ್ಮನೆ ಇದ್ದಾಗಲೂ ಅವರ ಹೃದಯ ಓಡುತ್ತಿತ್ತು. ಉಸಿರಿನಲ್ಲಿ ಮದ್ಯದ ಪ್ರಮಾಣ ಏರಿದಂತೆ, ಲುಡ್ವಿಗ್ ಕಂಡಿದ್ದ ಆ ಉಸಿರಿನ ತೂಗಾಟ ಕುಗ್ಗುತ್ತ ಹೋಗಿತ್ತು. ನಗುತ್ತ ಹಾಡುತ್ತ ಇದ್ದವರ ಎದೆಯಲ್ಲಿ ಓಡುವವನ ಬಡಿತ ಇತ್ತು.

ಇನ್ನು ರಾತ್ರಿಯ ಮಾತು. ಕುಡಿದರೆ ಒಳ್ಳೆಯ ನಿದ್ದೆ ಬರುತ್ತದೆ ಎನ್ನುವವರು ಬಹಳ. 2018ರಲ್ಲಿ ಫಿನ್ಲೆಂಡಿನ 4,098 ನೌಕರರ ಅಧ್ಯಯನ ಪ್ರಕಟವಾಯಿತು. ನಿದ್ದೆಯ ಮೊದಲ ಮೂರು ಗಂಟೆಗಳಲ್ಲಿ ದೇಹ ಚೇತರಿಸಿಕೊಳ್ಳುವ ಪ್ರಮಾಣವನ್ನು ಹೃದಯದ ಏರಿಳಿತದಿಂದ ಅಳೆಯಲಾಗಿತ್ತು. ಕಡಿಮೆ ಕುಡಿದ ರಾತ್ರಿ ಅದು 9.3, ಮಧ್ಯಮವಾಗಿ ಕುಡಿದ ರಾತ್ರಿ 24, ಹೆಚ್ಚು ಕುಡಿದ ರಾತ್ರಿ 39.2 ಶೇಕಡಾ ಅಂಶಗಳಷ್ಟು ಕುಸಿದಿತ್ತು. ಕಣ್ಣು ಮುಚ್ಚಿದ್ದರೂ ಹೃದಯ ದುಡಿಯುತ್ತಲೇ ಇತ್ತು. ವ್ಯಾಯಾಮ ಮಾಡುವವರಿಗೂ ಇದರಿಂದ ರಿಯಾಯಿತಿ ಸಿಗಲಿಲ್ಲ.

ನೋವಿನ ಮೇಲೆ ನೋವು

ಭಾವನೆಯ ಕಡೆಯಿಂದಲೂ ಇದೇ ದಾಖಲೆ ಬೆಳೆಯಿತು. ಖಿನ್ನತೆಯ ಕುರಿತ 18 ಅಧ್ಯಯನಗಳನ್ನು ಒಟ್ಟಾಗಿ ತೂಗಿದ 2010ರ ವಿಶ್ಲೇಷಣೆ, ಖಿನ್ನತೆ ಇರುವವರಲ್ಲಿ ಹೃದಯದ ಏರಿಳಿತ ಕಡಿಮೆ ಇರುತ್ತದೆ ಎಂದಿತು. ದೀರ್ಘಕಾಲದ ಆತಂಕದಲ್ಲೂ ಹೀಗೆಯೇ. ಒಮ್ಮೆ ಕೋಪ ಬಂದು ಹೋದರೆ ಹೃದಯ ಏರಿ ಮತ್ತೆ ಇಳಿಯುತ್ತದೆ. ಅದಕ್ಕೆಂದೇ ಅದು ಇದೆ. ತೊಂದರೆ ಶುರುವಾಗುವುದು ಇಳಿಯುವ ದಾರಿ ಮುಚ್ಚಿದಾಗ.

ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಚಿತ್ರ ಸ್ಪಷ್ಟವಾಗುತ್ತದೆ. ಮಗಳ ಮದುವೆಯ ಸಾಲ, ಕೈಕೊಟ್ಟ ಬೆಳೆ, ತೀರಿಹೋದ ಹೆಂಡತಿ, ಯಾವುದೋ ಒಂದು ಭಾರ ಒಬ್ಬನ ಎದೆಯ ಬಾಗುವ ಗುಣವನ್ನು ಮೊದಲೇ ಕುಗ್ಗಿಸಿರುತ್ತದೆ. ಅದನ್ನು ತಣಿಸಲೆಂದು ಅವನು ಕುಡಿಯುತ್ತಾನೆ. ಬಟ್ಟಲು ಉಳಿದ ಅಷ್ಟನ್ನೂ ಕಸಿಯುತ್ತದೆ. ಬೆಳಗಾದಾಗ ಎದ್ದ ಆತಂಕವನ್ನು ನಿನ್ನೆಯ ದುಃಖವೆಂದೇ ತಿಳಿದು ಸಂಜೆ ಮತ್ತೆ ಕುಡಿಯುತ್ತಾನೆ. ಇದನ್ನು ಚಾರಿತ್ರ್ಯದ ದೋಷವೆಂದು ಮಾತ್ರ ಕಂಡು ಬೈಯುವವರು ಅರ್ಧ ಸತ್ಯವನ್ನಷ್ಟೇ ಹೇಳುತ್ತಿರುತ್ತಾರೆ. ಅವನ ನರಗಳೂ ಸಿಕ್ಕಿಬಿದ್ದಿವೆ.

ಸಮಾಧಾನದ ಸಂಗತಿಯೆಂದರೆ ಈ ದಾರಿಯಿಂದ ಹಿಂದಿರುಗಲು ಸಾಧ್ಯವಿದೆ. ಹೃತ್ಕರ್ಣ ಕಂಪನ ಇದ್ದ 140 ಮಂದಿ ಕುಡಿಯುವವರ ಮೇಲೆ ಆಸ್ಟ್ರೇಲಿಯಾದಲ್ಲಿ ನಡೆದ ಪ್ರಯೋಗದ ಫಲಿತಾಂಶ 2020ರಲ್ಲಿ ಬಂತು. ಹಿಂದಿನಂತೆ ಕುಡಿಯುತ್ತಿದ್ದವರಲ್ಲಿ 73 ಶೇಕಡಾ ಮಂದಿಗೆ ರೋಗ ಮರುಕಳಿಸಿತು. ಬಿಡುವಂತೆ ಹೇಳಿಸಿಕೊಂಡ ಗುಂಪಿನಲ್ಲಿ ಅದು 53 ಶೇಕಡಾ. ಮದ್ಯದ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವೆನ್ನಲಾಗದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಾರಿತು.

ಎದೆಯನ್ನು ತಣಿಸುವ ಬೇರೆ ದಾರಿಗಳನ್ನು ನಮ್ಮ ಹಿರಿಯರು ಬಲ್ಲರು. 2001ರಲ್ಲಿ ಇಟಲಿಯ ಬರ್ನಾರ್ಡಿ ಮತ್ತು ಸಂಗಡಿಗರು 23 ಮಂದಿಯಿಂದ ಲ್ಯಾಟಿನ್ ಜಪಮಾಲೆಯ ಪ್ರಾರ್ಥನೆಯನ್ನೂ ಯೋಗದ ಮಂತ್ರವನ್ನೂ ಹೇಳಿಸಿ ನೋಡಿದರು. ಎರಡರಲ್ಲೂ ಉಸಿರು ತಾನಾಗಿ ನಿಮಿಷಕ್ಕೆ ಆರರಷ್ಟಕ್ಕೆ ಇಳಿಯಿತು, ಹೃದಯದ ತೂಗಾಟ ಹೆಚ್ಚಾಯಿತು. ಜಪಮಾಲೆ ಭಾರತ ಮತ್ತು ಟಿಬೆಟಿನಿಂದ ಅರಬರಿಗೆ, ಅರಬರಿಂದ ಕ್ರುಸೇಡಿನ ಯೋಧರ ಮೂಲಕ ಯುರೋಪಿಗೆ ಹೋಗಿರಬಹುದೆಂದು ಅವರು ನೆನಪಿಸಿದ್ದರು. ತಸ್ಬೀಹಿನ ಮಣಿ, ಜಪಸರದ ಮಣಿ, ರೋಸರಿಯ ಮಣಿ ಎಣಿಸಿದ ಬೆರಳುಗಳು ಬೇರೆ. ನಿಧಾನವಾದ ಉಸಿರು ಒಂದೇ.

ಇಂದು ಏರಿಳಿತವನ್ನು ಅಳೆಯುವ ಕೈಗಡಿಯಾರಗಳು ಅಂಗಡಿಯಲ್ಲಿ ಸಿಗುತ್ತವೆ. ನಿನ್ನೆ ರಾತ್ರಿ ಎರಡು ಪೆಗ್ ಏರಿಸಿದವರು ಬೆಳಗ್ಗೆ ಅದರ ಲೆಕ್ಕವನ್ನು ಮಣಿಕಟ್ಟಿನಲ್ಲೇ ಓದಬಹುದು. ಆ ಸಂಖ್ಯೆ ವಯಸ್ಸು, ನಿದ್ದೆ, ಜ್ವರ, ವ್ಯಾಯಾಮಗಳಿಂದಲೂ ಬದಲಾಗುತ್ತದೆ. ಒಂದು ದಿನದ ಅಂಕಿಗೆ ಹೆದರಬೇಕಾಗಿಲ್ಲ. ಮತ್ತೊಂದು ಮಿತಿಯೂ ಉಂಟು. ಎದೆ ಕದಡಿದೆ ಎಂದು ಗಡಿಯಾರ ಹೇಳಬಲ್ಲುದು, ಏತಕ್ಕೆ ಎಂದು ಅದಕ್ಕೆ ಗೊತ್ತಿಲ್ಲ. ಕೋಪವೋ ಪ್ರೇಮವೋ ಸಾಲವೋ, ಅದಕ್ಕೆ ಎಲ್ಲವೂ ಒಂದೇ.

ಬೆಂಗಳೂರಿನ ರಾಷ್ಟ್ರೀಯ ಯುನಾನಿ ಚಿಕಿತ್ಸಾ ಸಂಸ್ಥೆಯಂತಹ ಕಡೆ ವಿದ್ಯಾರ್ಥಿಗಳು ಇಂದಿಗೂ ನಬ್ಜ್‌ನ ಹತ್ತು ಲಕ್ಷಣಗಳನ್ನು ಓದುತ್ತಾರೆ. ಯಂತ್ರದ ನಿಖರತೆ ಬೆರಳಿಗೆ ಬಾರದು, ಅದನ್ನು ಒಪ್ಪಲೇಬೇಕು. ಆದರೆ ಗಾಲೆನ್ ಮತ್ತು ಇಬ್ನು ಸೀನಾ ನಾಡಿ ಕದಡಿದ್ದನ್ನು ಕಂಡು ಸಂಖ್ಯೆ ಬರೆದುಕೊಂಡು ಎದ್ದು ಹೋಗಲಿಲ್ಲ. ಮಣಿಕಟ್ಟು ಹಿಡಿದುಕೊಂಡೇ ಕೂತು, ಒಂದೊಂದೇ ಹೆಸರು ಹೇಳುತ್ತ, ಈ ಮನುಷ್ಯನ ನೋವು ಯಾವುದು ಎಂದು ಹುಡುಕಿದರು. ದಿನವೂ ಸಂಜೆ ಮದ್ಯದಂಗಡಿಯ ಕಡೆ ನಡೆಯುವವನ ಮನೆಯಲ್ಲಿ, ನೆರೆಯಲ್ಲಿ, ಜಮಾಅತಿನಲ್ಲಿ ಹಾಗೆ ಅವನ ಪಕ್ಕ ಕೂತು ಕೇಳುವವರು ಎಷ್ಟು ಮಂದಿ ಇದ್ದಾರೆ?